ಸಹಾಯ ಬೇಕು: ಸಂದರ್ಶನ ಮಾಡಿದವರ ಸೊಸೆಗೇ ಕೆಲಸ ಸಿಕ್ಕಿದೆ

ಸರ್ಕಾರಿ ಶಾಲೆಯೊಂದರ ಶಿಕ್ಷಕ ಹುದ್ದೆಗೆ ಅರ್ಜಿ ಹಾಕಿದ್ದೆ. ಲಿಖಿತ ಪರೀಕ್ಷೆಯಲ್ಲಿ ನನಗೇ ಜಾಸ್ತಿ ಅಂಕ. ಕೊನೆಗೆ ಆಯ್ಕೆಯಾಗಿದ್ದು ಸಂದರ್ಶನ ಸಮಿತಿಯಲ್ಲಿದ್ದ ಒಬ್ಬರ ಸೊಸೆ. ಆಕೆ ಚೆನ್ನಾಗಿಯೇ ಪಾಠ ಮಾಡಬಹುದು, ಅದು ಬೇರೆ ಮಾತು. ಆದರೆ ಮನೆಯವರೇ ಅಭ್ಯರ್ಥಿಯಾಗಿದ್ದಾಗ ಮೊದಲೇ ತಿಳಿಸಿ ಸಮಿತಿಯಿಂದ ದೂರ ಉಳಿಯಬೇಕು, ಅಲ್ವಾ?

ಸುಮ್ನೆ ಆರೋಪ ಮಾಡಲು ಇಷ್ಟವಿಲ್ಲ, ದಾಖಲೆ ಬೇಕು. ಮಾಹಿತಿ ಹಕ್ಕಿನಡಿ ಏನೇನು ಕೇಳಲಿ? ಒಬ್ಬೊಬ್ಬ ಸದಸ್ಯರೂ ಕೊಟ್ಟ ಅಂಕಗಳು, ಸಭೆಯ ನಡಾವಳಿ, ಅಭ್ಯರ್ಥಿಗಳಲ್ಲಿ ಸಂಬಂಧಿಕರಿಲ್ಲ ಎಂದು ಬರೆದುಕೊಟ್ಟ ಘೋಷಣೆ. ನನಗೆ ಹೊಳೆದದ್ದು ಇಷ್ಟೇ. ಮೊದಲು ಮೇಲಧಿಕಾರಿಗೆ ದೂರು ಕೊಡಲೋ, ದಾಖಲೆ ಕೈಗೆ ಬರುವವರೆಗೆ ಕಾಯಲೋ? ಅಷ್ಟರಲ್ಲಿ ಮೇಲ್ಮನವಿಯ ಗಡುವು ಮುಗಿದರೆ ಅನ್ನೋದೇ ಭಯ. ಇಂಥದ್ದನ್ನು ಎದುರಿಸಿದವರು ದಯವಿಟ್ಟು ತಿಳಿಸಿ.