ಮೊರಾಕ್ಕೋದ ಬೆಟ್ಟ ಮತ್ತು ಮರುಭೂಮಿಯ ಸಂಗೀತ ಪ್ರವಾಸ: ಹೋಗಿ ಬಂದವರು ದಯವಿಟ್ಟು ತಿಳಿಸಿ

ಸಾಧನಕೇರಿ ಮಾಸ್ತರ, ಧಾರವಾಡ:

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ಸಂಜೆ ಹೊತ್ತು ಓಣಿಯ ಭಜನಾ ಮೇಳಕ್ಕೆ ತಬಲಾ ನುಡಿಸುತ್ತೇನೆ. ಬರುವ ವರ್ಷ ನಾನೂ ನನ್ನ ಹೆಂಡತಿಯೂ ಮೊರಾಕ್ಕೋಕ್ಕೆ ಹೋಗಬೇಕೆಂದು ಯೋಚಿಸಿದ್ದೇವೆ. ಮಾರ್ಗದರ್ಶಕರೊಡನೆ ಹತ್ತು ದಿನಗಳ ಪ್ರವಾಸ. ಮರಾಕೇಶ್‌ನಿಂದ ಹೊರಟು, ಅಟ್ಲಾಸ್ ಪರ್ವತ ದಾಟಿ, ಐತ್ ಬೆನ್‌ಹದ್ದು ಎಂಬ ಮಣ್ಣಿನ ಕೋಟೆಯೂರು ನೋಡಿ, ದಾದೆಸ್ ಮತ್ತು ತೋದ್ರಾ ಕಣಿವೆಗಳ ಮೂಲಕ ಮೆರ್ಝೂಗಾದ ಮರಳು ದಿಬ್ಬಗಳವರೆಗೆ ಹೋಗಿ, ಬೇರೆ ದಾರಿಯಿಂದ ಮರಳುವುದು ಅದರ ಕ್ರಮ. ಬರ್ಬರ್ ಜನರ ಹಾಡು, ಕುಣಿತ, ವಾದ್ಯಗಳನ್ನು ಪ್ರತಿ ರಾತ್ರಿಯೂ ಕೇಳಿಸುತ್ತೇವೆ ಎಂದು ಪ್ರವಾಸ ಸಂಘಟಕರ ಪತ್ರದಲ್ಲಿದೆ.

ಈ "ಪ್ರತಿ ರಾತ್ರಿ" ಎಂಬ ಮಾತೇ ನನಗೆ ಅನುಮಾನ ತಂದಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ರೆಸಾರ್ಟಿನಲ್ಲಿ ಮದುವೆಯ ಔತಣಕ್ಕೆ ಹೋಗಿದ್ದೆ. ಅಲ್ಲಿ ಡೊಳ್ಳಿನ ಮೇಳವೊಂದನ್ನು ಊಟದ ಮೇಜುಗಳ ನಡುವೆ ನಿಲ್ಲಿಸಿ, ಹದಿನೈದು ನಿಮಿಷ ಬಾರಿಸಿ ಎಂದರು. ಮೇಳದ ಹಿರಿಯರು ಬೀರಪ್ಪನ ಪದ ಎತ್ತಿದರು. ಎರಡನೆಯ ನುಡಿಗೆ ಬರುವಷ್ಟರಲ್ಲಿ ವ್ಯವಸ್ಥಾಪಕರೊಬ್ಬರು ಬಂದು, ಪದ ಬೇಡ, ಬರೀ ಬಾರಿಸಿ ಎಂದು ಹೇಳಿಹೋದರು. ಆ ಹಿರಿಯರು ಡೊಳ್ಳಿನ ಹಗ್ಗವನ್ನು ಹೆಗಲಿನಿಂದ ಇಳಿಸಿ, ಮತ್ತೆ ಏರಿಸಿಕೊಂಡು, ಮಾತಾಡದೆ ಬಾರಿಸಿದ್ದು ಇನ್ನೂ ನನ್ನ ಕಣ್ಣ ಮುಂದಿದೆ. ಏಳು ಸಮುದ್ರ ದಾಟಿ ಹೋಗಿ ಅಂಥದ್ದನ್ನೇ ನೋಡುವುದು ನನಗೆ ಬೇಡ.

ಅಲ್ಲಿ ಇಂಥ ಪ್ರವಾಸಗಳಲ್ಲಿ ನಿಜವಾದ ಹಾಡಿಕೆ ಸಿಗುತ್ತದೆಯೇ? ಅದನ್ನು ಮುಂಚಿತವಾಗಿ ಗುರುತಿಸುವ ಬಗೆ ಹೇಗೆ? ನಾವಿಬ್ಬರೂ ಸಸ್ಯಾಹಾರಿಗಳು, ಹೆಂಡತಿಗೆ ಮೊಣಕಾಲು ನೋವಿದೆ. ಇದನ್ನೂ ಗಮನದಲ್ಲಿಟ್ಟು ಉತ್ತರಿಸಿದರೆ ಉಪಕಾರವಾಗುತ್ತದೆ.

ವಿದ್ಯಾನಗರದ ಓದುಗ, ಹುಬ್ಬಳ್ಳಿ:

ಮಾಸ್ತರರಿಗೆ ನಮಸ್ಕಾರ. ನಾನು 2022ರ ಅಕ್ಟೋಬರಿನಲ್ಲಿ ಮಗಳು ಮತ್ತು ಅಳಿಯನ ಜೊತೆ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಹೋಗಿ ಬಂದಿದ್ದೇನೆ. ನಿಮ್ಮ ಅನುಮಾನ ಸರಿಯಾದದ್ದು, ಆದರೆ ಅದಕ್ಕಾಗಿ ಪ್ರವಾಸವನ್ನೇ ಕೈಬಿಡಬೇಡಿ.

ಮೊದಲು ಹೆಸರಿನ ವಿಷಯ. "ಬರ್ಬರ್" ಎಂಬುದು ಹೊರಗಿನವರು ಇಟ್ಟ ಹೆಸರು. ತಮಗೆ ತಿಳಿಯದ ಭಾಷೆಯಾಡುವವರನ್ನು ಗ್ರೀಕರು ಕರೆಯುತ್ತಿದ್ದ ಶಬ್ದದಿಂದ ಬಂದದ್ದು. ಅವರು ತಮ್ಮನ್ನು ಇಮಾಝಿಘೆನ್ ಎಂದು ಕರೆದುಕೊಳ್ಳುತ್ತಾರೆ, ಒಬ್ಬನಾದರೆ ಅಮಾಝಿಘ್. ಅವರ ನುಡಿಗೆ 2011ರ ಸಂವಿಧಾನದಲ್ಲಿ ಅರಬ್ಬಿಯ ಜೊತೆಗೆ ಅಧಿಕೃತ ಭಾಷೆಯ ಸ್ಥಾನ ಸಿಕ್ಕಿತು. ತಿಫಿನಾಘ್ ಎಂಬ ಅವರ ಲಿಪಿಯನ್ನು ಸರಕಾರಿ ಕಚೇರಿಗಳ ಫಲಕಗಳ ಮೇಲೆ ನೀವು ನೋಡುತ್ತೀರಿ. ನಮ್ಮ ಮಾರ್ಗದರ್ಶಕನನ್ನು ನಾನು ಮೊದಲ ದಿನವೇ ಅಮಾಝಿಘ್ ಎಂದು ಕರೆದಾಗ ಅವನು ನನ್ನನ್ನು ಗಾಡಿಯ ಮುಂದಿನ ಸೀಟಿಗೆ ಕರೆದು ಕೂರಿಸಿಕೊಂಡ. ಆಮೇಲೆ ದಾರಿಯುದ್ದಕ್ಕೂ ಅವನು ಹೇಳಿದ್ದರಿಂದಲೇ ನಾನು ಅರ್ಧದಷ್ಟು ಕಲಿತೆ.

ಇನ್ನು ಹಾಡಿಕೆ. ಅಲ್ಲಿ ಸಂಗೀತ ಒಂದಲ್ಲ, ಊರೂರಿಗೂ ಬೇರೆ. ಹೈ ಅಟ್ಲಾಸ್ ಮತ್ತು ಆಂಟಿ ಅಟ್ಲಾಸ್ ಬೆಟ್ಟಗಳ ಹಳ್ಳಿಗಳಲ್ಲಿ ಅಹ್ವಾಶ್, ಮಿಡ್ಲ್ ಅಟ್ಲಾಸ್ ಕಡೆ ಅಹಿದೂಸ್. ಎರಡೂ ಊರಿಗೆ ಊರೇ ಸೇರಿ ಹಾಡಿ ಕುಣಿಯುವ ಪದ್ಧತಿಗಳು. ದಕ್ಷಿಣದ ಸೂಸ್ ಬಯಲಿನಲ್ಲಿ ರ್‍ವಾಯಿಸ್ ಎಂಬ ವೃತ್ತಿ ಗಾಯಕರಿದ್ದಾರೆ. ಅವರೇ ಪದ ಕಟ್ಟಿ, ರಿಬಾಬ್ ಎಂಬ ಒಂದೇ ಎಳೆಯ ಕಮಾನು ವಾದ್ಯವನ್ನೂ ಲೋತಾರ್ ಎಂಬ ಮೀಟುವಾದ್ಯವನ್ನೂ ಹಿಡಿದು, ಹಬ್ಬ ಮದುವೆಗಳಿಗೆ ತಿರುಗುತ್ತಾರೆ. ತಾಳಕ್ಕೆ ಅವರು ಬಡಿಯುವುದು ನಾಕೂಸ್ ಎಂಬ ಲೋಹದ ತುಂಡನ್ನು. ಎಷ್ಟೋ ಸಲ ಅದು ಹಳೆಯ ಗಾಡಿಯ ಚಕ್ರದಿಂದ ಬಿಚ್ಚಿದ್ದು.

ನಮಗೆ ನಿಜವಾದ ಅಹ್ವಾಶ್ ಸಿಕ್ಕಿದ್ದು ತೆಲುಯೆತ್ ಕಡೆಯ ಒಂದು ಹಳ್ಳಿಯಲ್ಲಿ. ಅದು ಪ್ರವಾಸದ ಪಟ್ಟಿಯಲ್ಲಿ ಇರಲೇ ಇಲ್ಲ. ಮಾರ್ಗದರ್ಶಕನ ಸೋದರತ್ತೆಯ ಮನೆಯಲ್ಲಿ ಮದುವೆ ಇತ್ತು. ಕತ್ತಲಾದ ಮೇಲೆ ಅಂಗಳದಲ್ಲಿ ಹುಲ್ಲು, ಕಟ್ಟಿಗೆಯ ಬೆಂಕಿ ಮಾಡಿ, ನಾಲ್ಕೈದು ಜನ ತಮ್ಮ ಬೆಂದಿರ್‌ಗಳನ್ನು ಕಾಯಿಸಲು ಕುಳಿತರು. ಬೆಂದಿರ್ ಎಂದರೆ ಕಟ್ಟಿಗೆಯ ಬಳೆಗೆ ಆಡಿನ ತೊಗಲು ಬಿಗಿದ ದಪ್ಪು. ನಮ್ಮಲ್ಲಿ ಹಲಗಿ ಕಾಯಿಸುವವರು ಮಾಡುವಂತೆಯೇ ಅವರೂ ತೊಗಲನ್ನು ಬೆಂಕಿಯ ಕಡೆಗೆ ಹಿಡಿದು, ತಿರುಗಿಸಿ, ಬೆರಳಿನಿಂದ ಒಮ್ಮೆ ತಟ್ಟಿ, ಕಿವಿಗೆ ಹತ್ತಿರ ತಂದು ಕೇಳಿ, ಮತ್ತೆ ಬೆಂಕಿಗೆ ಹಿಡಿಯುತ್ತಿದ್ದರು. ಒಬ್ಬರು ನನ್ನ ಕೈಗೆ ಕೊಟ್ಟರು. ಬಳೆಯಲ್ಲಿ ಹೆಬ್ಬೆರಳು ತೂರಿಸಿ ಹಿಡಿಯಲು ಒಂದು ತೂತು. ಒಳಗಡೆ ತೊಗಲಿಗೆ ತಾಗಿಕೊಂಡು ಕರುಳಿನ ಎರಡು ಎಳೆ. ತಟ್ಟಿದರೆ ಪೆಟ್ಟಿನ ಹಿಂದೆಯೇ ಝೇಂಕಾರ ಬರುತ್ತದೆ, ತಂಬೂರಿಗೆ ಜವಾರಿ ಹಿಡಿಸಿದಂತೆ.

ಆಮೇಲೆ ವಯಸ್ಸಾದವರೊಬ್ಬರು ವಾದ್ಯವಿಲ್ಲದೆ, ಎತ್ತರದ ಸ್ವರದಲ್ಲಿ ಒಂದು ಪದ ಎತ್ತಿದರು. ಇನ್ನೊಬ್ಬರು ಅದಕ್ಕೆ ಉತ್ತರ ಕಟ್ಟಿದರು. ಆಶುವಾಗಿ ಕಟ್ಟುವ ಈ ಸವಾಲು ಜವಾಬು ಸುಮಾರು ಮುಕ್ಕಾಲು ತಾಸು ನಡೆಯಿತು. ಹರದೇಶಿ ನಾಗೇಶಿ ವಾದದಲ್ಲಿ ನಮ್ಮ ಜನ ತಲೆದೂಗುವ ಜಾಗ ಇರುತ್ತದಲ್ಲ, ಅಲ್ಲಿಯೂ ಜನ ಅಂಥ ಜಾಗದಲ್ಲೇ ಒಮ್ಮೆಗೇ ಕೂಗಿದರು. ಭಾಷೆ ತಿಳಿಯದ ನನಗೂ ಏಟು ಎಲ್ಲಿ ಬಿತ್ತೆಂಬುದು ತಿಳಿಯಿತು. ಅದಾದ ಮೇಲಷ್ಟೇ ಬೆಂದಿರ್‌ಗಳು ಸೇರಿಕೊಂಡವು, ಹೆಂಗಸರ ಸಾಲು ಭುಜಕ್ಕೆ ಭುಜ ತಾಗಿಸಿ ನಿಂತಿತು, ಲಯ ನಿಧಾನವಾಗಿ ಏರುತ್ತ ಹೋಯಿತು. ಮುಗಿದಾಗ ರಾತ್ರಿ ಎರಡು ಗಂಟೆ.

ಹೋಲಿಕೆಗೆ ಹೇಳುತ್ತೇನೆ: ಮೆರ್ಝೂಗಾದ ಡೇರೆಯಲ್ಲಿ ಊಟದ ನಂತರ ನಮಗೆ ಕೇಳಿಸಿದ್ದು ಇಪ್ಪತ್ತು ನಿಮಿಷದ ಬಾರಿಸುವಿಕೆ. ಆ ಹುಡುಗರಲ್ಲಿ ಕಲೆ ಇಲ್ಲವೆಂದಲ್ಲ. ಬೆಳಿಗ್ಗೆ ಒಂಟೆ ಹಿಡಿದವರೂ, ಅಡಿಗೆ ಬಡಿಸಿದವರೂ, ಬಾರಿಸಿದವರೂ ಅವರೇ ಆಗಿದ್ದರು, ಪಾಪ ದಣಿದಿದ್ದರು.

ಆದ್ದರಿಂದ ಸಂಘಟಕರಿಗೆ "ಎಷ್ಟು ಊರು ತೋರಿಸುತ್ತೀರಿ" ಎಂದು ಕೇಳಬೇಡಿ, "ಒಂದೇ ಹಳ್ಳಿಯಲ್ಲಿ ಎಷ್ಟು ರಾತ್ರಿ ಉಳಿಸುತ್ತೀರಿ" ಎಂದು ಕೇಳಿ. ಮರಾಕೇಶ್‌ನಿಂದ ಮೆರ್ಝೂಗಾಕ್ಕೆ ಸುಮಾರು 560 ಕಿಲೋಮೀಟರ್, ಅದೂ ತಿಝಿ ನ್ ತಿಶ್ಕಾ ಎಂಬ 2260 ಮೀಟರ್ ಎತ್ತರದ ಕಣಿವೆದಾರಿ ದಾಟಿ. ದಿನವೂ ಊರು ಬದಲಿಸಿದರೆ ಗಾಡಿಯಲ್ಲೇ ಹೊತ್ತು ಹೋಗುತ್ತದೆ, ಸಂಜೆಗೆ ಕೇಳುವ ಶಕ್ತಿಯೇ ಉಳಿಯುವುದಿಲ್ಲ. ನಾನು ಮತ್ತೆ ಹೋದರೆ ಕಣಿವೆಗಳಲ್ಲಿ ಒಂದನ್ನು ಬಿಟ್ಟು, ಬೆಟ್ಟದ ಒಂದೇ ಹಳ್ಳಿಯಲ್ಲಿ ಮೂರು ರಾತ್ರಿ ಇರುತ್ತೇನೆ.

ಇನ್ನೊಂದು ಮಾತು. ನಾವು ಬಂದ ಮರುವರ್ಷ, 2023ರ ಸೆಪ್ಟೆಂಬರ್ 8ರ ರಾತ್ರಿ, ಹೈ ಅಟ್ಲಾಸ್‌ನಲ್ಲಿ ದೊಡ್ಡ ಭೂಕಂಪವಾಗಿ ಮೂರು ಸಾವಿರದ ಹತ್ತಿರ ಜನ ತೀರಿಹೋದರು. ಬೆಟ್ಟದ ಹಳ್ಳಿಯಲ್ಲಿ ಕುಳಿತು ಹಾಡು ಕೇಳುವಾಗ, ಹಾಡುವವರಲ್ಲಿ ಯಾರೋ ಮನೆ ಕಳೆದುಕೊಂಡವರಿರಬಹುದು, ಯಾರೋ ಮನೆಯವರನ್ನೇ ಕಳೆದುಕೊಂಡವರಿರಬಹುದು. ನೀವು ತಿಳಿದವರು, ನಿಮಗೆ ಹೆಚ್ಚು ಹೇಳಬೇಕಿಲ್ಲ.

ಹಾರ್ಮೋನಿಯಂ ಅಭ್ಯಾಸಿ, ಗದಗ:

ನಾನು ಮೊರಾಕ್ಕೋ ನೋಡಿಲ್ಲ, ಆದರೆ ಅಲ್ಲಿಯ ಧ್ವನಿಮುದ್ರಿಕೆಗಳನ್ನು ಆಸೆಯಿಂದ ಕೇಳಿದ್ದೇನೆ. ಅಮೆರಿಕದ ಬರಹಗಾರ ಪಾಲ್ ಬೌಲ್ಸ್ 1959ರಲ್ಲಿ ಆ ದೇಶದ ಊರೂರು ತಿರುಗಿ, ತಮ್ಮ ದೇಶದ ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಜನಪದ ಸಂಗೀತವನ್ನು ಮುದ್ರಿಸಿಕೊಂಡಿದ್ದರು. ಹೊರಡುವ ಮುಂಚೆ ಅದನ್ನು ಹುಡುಕಿ ಕೇಳಿ. ಸೂಸ್ ಸೀಮೆಯ ಹಾಡಿಕೆ ಐದು ಸ್ವರಗಳ ಮೇಲೆ ನಿಂತದ್ದು, ಆದ್ದರಿಂದ ಭೂಪ, ದುರ್ಗಾ ಕೇಳಿ ಪಳಗಿದ ನಮ್ಮ ಕಿವಿಗೆ ಅದು ಬೇಗ ಹತ್ತಿರವಾಗುತ್ತದೆ. ಆದರೆ ಇದು ಯಾವ ರಾಗ ಎಂದು ಹುಡುಕಲು ಹೋಗಬೇಡಿ. ನಾನು ಮೊದಲ ಆರು ತಿಂಗಳು ಅದನ್ನೇ ಮಾಡಿದೆ, ಪೆಟ್ಟಿಗೆಯ ಮೇಲೆ ಸ್ವರ ಹಿಡಿಯುತ್ತ ಕುಳಿತೆ, ಹಾಡು ಕೈಗೆ ಸಿಗಲಿಲ್ಲ. ರಿಬಾಬ್ ನುಡಿಸುವವರು ಸ್ವರದಿಂದ ಸ್ವರಕ್ಕೆ ಜಾರುವ ರೀತಿ ನಮ್ಮ ಪೆಟ್ಟಿಗೆಯಲ್ಲಿ ಇಲ್ಲವೇ ಇಲ್ಲ.

ಕಲಘಟಗಿ ಕಡೆಯವಳು:

ಮಾಸ್ತರರೇ, ಮೆರ್ಝೂಗಾದ ಹತ್ತಿರವೇ ಖಮ್ಲಿಯಾ ಎಂಬ ಸಣ್ಣ ಊರಿದೆ. ನಿಮ್ಮ ಪತ್ರದಲ್ಲಿ ಅದು ಇಲ್ಲದಿದ್ದರೆ ಸೇರಿಸಿಕೊಳ್ಳಿ. ಸಹಾರಾದ ಆಚೆಯಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿಯವರು ಅಲ್ಲಿ ನೆಲೆಸಿದ್ದಾರೆ. ಅವರ ಸಂಗೀತಕ್ಕೆ ಗ್ನಾವಾ ಎನ್ನುತ್ತಾರೆ. ಮೂರು ತಂತಿಯ, ಒಂಟೆಯ ತೊಗಲು ಹೊದಿಸಿದ ಗಿಂಬ್ರಿ ಎಂಬ ವಾದ್ಯದ ತಗ್ಗಿನ ನಾದ, ಅದರ ಮೇಲೆ ಕರಾಕೆಬ್ ಎಂಬ ಕಬ್ಬಿಣದ ದೊಡ್ಡ ತಾಳಗಳ ಸಪ್ಪಳ. 2019ರಲ್ಲಿ ಯುನೆಸ್ಕೋ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ನಾನು ಇದನ್ನು ಬರೆಯಲು ಕಾರಣವಿದೆ. ನಮ್ಮ ತಾಲೂಕಿನಲ್ಲೂ, ಪಕ್ಕದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯೂ ಸಿದ್ದಿ ಜನರಿದ್ದಾರೆ. ಅವರ ಡಮಾಮಿ ವಾದ್ಯ ಕೇಳುತ್ತಲೇ ನಾನು ಬೆಳೆದವಳು. ಅವರ ಹಿರಿಯರು ಬಂದದ್ದು ಪೂರ್ವ ಆಫ್ರಿಕಾದಿಂದ, ಕಡಲಿನ ದಾರಿಯಲ್ಲಿ. ಗ್ನಾವಾ ಜನರ ಹಿರಿಯರು ಬಂದದ್ದು ಪಶ್ಚಿಮ ಆಫ್ರಿಕಾದಿಂದ, ಮರಳಿನ ದಾರಿಯಲ್ಲಿ. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಬಲವಂತವಾಗಿ ಊರು ಬಿಡಿಸಲ್ಪಟ್ಟವರು ವಾದ್ಯವೊಂದನ್ನು ಹೀಗೆ ತಲೆಮಾರುಗಳವರೆಗೆ ಕಾಪಾಡಿಕೊಂಡು ಬಂದಿರುವುದನ್ನು ಕಂಡವರಿಗೆ, ಖಮ್ಲಿಯಾದಲ್ಲಿ ಕುಳಿತು ಕೇಳುವ ಬಗೆಯೇ ಬೇರೆಯಾಗುತ್ತದೆ.

ಗ್ನಾವಾದ ನಿಜವಾದ ರೂಪ ಲೀಲಾ ಎಂಬ ರಾತ್ರಿಯಿಡೀ ನಡೆಯುವ ಆಚರಣೆ. ಧೂಪ ಹಾಕಿ, ಒಂದೊಂದು ಶಕ್ತಿಗೆ ಒಂದೊಂದು ಬಣ್ಣದ ಬಟ್ಟೆ, ಒಂದೊಂದು ಹಾಡು. ಮೈಮೇಲೆ ಬರುವುದು, ರೋಗಿಗಳಿಗೆ ಸಮಾಧಾನ ಕೊಡುವುದು ಎಲ್ಲವೂ ಅದರಲ್ಲಿದೆ. ಪ್ರವಾಸಿಗರಿಗೆ ಮಧ್ಯಾಹ್ನ ಚಹಾ ಕೊಟ್ಟು ಕೇಳಿಸುವುದು ಅದರ ಹಾಡುಗಳನ್ನು ಮಾತ್ರ, ಆಚರಣೆಯನ್ನಲ್ಲ. ಅದು ಮೋಸವಲ್ಲ, ಅವರು ಇಟ್ಟುಕೊಂಡಿರುವ ಗಡಿ. ನಮ್ಮ ಚೌಡಿಕೆಯವರು ಸಹ ವೇದಿಕೆಯ ಮೇಲೆ ಎಲ್ಲಮ್ಮನ ಹಾಡು ಹಾಡುತ್ತಾರೆ. ಗುಡ್ಡದಲ್ಲಿ ಮಾಡುವ ಎಲ್ಲವನ್ನೂ ವೇದಿಕೆಗೆ ತರುವುದಿಲ್ಲ. ಆ ಗಡಿಯನ್ನು ಗೌರವಿಸಿ, ಲೀಲಾ ತೋರಿಸಿ ಎಂದು ಒತ್ತಾಯಿಸಬೇಡಿ.

ದುಡ್ಡಿನ ಮಾತನ್ನು ನೇರವಾಗಿ ಕೇಳಿ. ಕಲಾವಿದರಿಗೆ ಕೊಡುವ ಸಂಭಾವನೆ ಪ್ರವಾಸದ ಶುಲ್ಕದಲ್ಲೇ ಸೇರಿದೆಯೇ, ಅಥವಾ ತಟ್ಟೆಗೆ ಬಿದ್ದದ್ದೇ ಅವರ ಪಾಲೇ? ನಿಮ್ಮ ರೆಸಾರ್ಟಿನ ಡೊಳ್ಳಿನವರ ಕಥೆ ಓದಿ ನನಗೆ ಹೊಟ್ಟೆ ತೊಳಸಿದಂತಾಯಿತು. ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಡದ ಸಂಘಟಕರನ್ನು ನಾನಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದೆ.

ರಾಣೆಬೆನ್ನೂರಿನ ಪ್ರವಾಸಿ, ಹಾವೇರಿ ಜಿಲ್ಲೆ:

ಊಟ ಮತ್ತು ಕಾಲದ ಬಗ್ಗೆ ಚಿಕ್ಕದಾಗಿ. ತಜೀನ್ ಎಂಬ ಮಣ್ಣಿನ ಪಾತ್ರೆಯಲ್ಲಿ ಬೇಯಿಸಿದ ತರಕಾರಿ ಎಲ್ಲೆಡೆ ಸಿಗುತ್ತದೆ, ಕೂಸ್‌ಕೂಸ್ ನಮ್ಮ ನವಣೆ ಅನ್ನದಂತೆ ಉದುರುದುರಾಗಿರುತ್ತದೆ. ಆದರೆ ಮೇಲೆ ತರಕಾರಿ ಕಂಡರೂ ಎಷ್ಟೋ ಸಲ ಅದನ್ನು ಮಾಂಸ ಬೇಯಿಸಿದ ನೀರಿನಲ್ಲೇ ಮಾಡಿರುತ್ತಾರೆ. ಮಾಂಸದ ರಸವೂ ಬೇಡವೆಂದು ಬಿಡಿಸಿ ಹೇಳಬೇಕು. ಕಟಕ ರೊಟ್ಟಿ, ಶೇಂಗಾ ಚಟ್ನಿ ಒಯ್ಯಿರಿ. ಬೆಳಿಗ್ಗೆ ಅವರು ಕೊಡುವ ಅಮ್ಲೂ ಎಂಬ ಬಾದಾಮಿ, ಅರ್ಗಾನ್ ಎಣ್ಣೆ, ಜೇನಿನ ಮಿಶ್ರಣ ರೊಟ್ಟಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ಏಪ್ರಿಲ್ ಅಥವಾ ಅಕ್ಟೋಬರ್ ಒಳ್ಳೆಯ ಕಾಲ. ಚಳಿಗಾಲದಲ್ಲಿ ಕಣಿವೆದಾರಿಯಲ್ಲಿ ಹಿಮ ಬೀಳುತ್ತದೆ, ಮರುಭೂಮಿಯ ರಾತ್ರಿಗಳು ಕೊರೆಯುತ್ತವೆ. ರಂಜಾನ್ ತಿಂಗಳು ಯಾವಾಗ ಬರುತ್ತದೆಂದು ನೋಡಿಕೊಂಡು ದಿನ ಗೊತ್ತುಮಾಡಿ. ಮೊಣಕಾಲಿನ ಮಾತಿಗೆ ಹೇಳುವುದಾದರೆ, ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ, ಕುಳಿತವರು ಮುಂದಕ್ಕೆ ವಾಲುತ್ತಾರೆ. ನಿಮ್ಮ ಮನೆಯವರಿಗೆ ಡೇರೆಯವರೆಗೆ ಜೀಪ್ ಕೇಳಿ, ಕೊಡುತ್ತಾರೆ.

ಸಾಧನಕೇರಿ ಮಾಸ್ತರ, ಧಾರವಾಡ:

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ನೀವೆಲ್ಲ ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದೆ. ಬೆಂದಿರ್ ಕಾಯಿಸುವ ಭಾಗವನ್ನು ಅವಳು ಎರಡು ಸಲ ಓದಿಸಿಕೊಂಡಳು. ನಿನ್ನೆ ಸಂಘಟಕರಿಗೆ ಎರಡೇ ಪ್ರಶ್ನೆ ಕಳಿಸಿದ್ದೆ: ಬೆಟ್ಟದ ಒಂದೇ ಹಳ್ಳಿಯಲ್ಲಿ ಮೂರು ರಾತ್ರಿ ಉಳಿಸಬಲ್ಲಿರಾ, ಕಲಾವಿದರಿಗೆ ಯಾರು ಎಷ್ಟು ಕೊಡುತ್ತಾರೆ. ಎರಡನೆಯದಕ್ಕೆ ಅವರು ಮೊತ್ತವನ್ನೇ ತಿಳಿಸಿ ಉತ್ತರಿಸಿದ್ದಾರೆ. ಮೊದಲನೆಯದಕ್ಕೆ, ತೋದ್ರಾ ಕಣಿವೆಯಲ್ಲಿ ಉಳಿಯುವುದನ್ನು ಬಿಡಬೇಕಾಗುತ್ತದೆ ಎಂದಿದ್ದಾರೆ; ಬಿಡೋಣವೆಂದು ಬರೆದಿದ್ದೇನೆ. ಖಮ್ಲಿಯಾದಲ್ಲಿ ಅರ್ಧ ದಿನ ಸೇರಿಸಿದ್ದಾರೆ.

ಒಂದು ಕೊನೆಯ ಪ್ರಶ್ನೆ, ಹುಬ್ಬಳ್ಳಿಯವರಿಗೆ. ನಾನು ತಬಲಾ ಒಯ್ಯಬಹುದೇ? ಅವರ ಹಾಡು ಕೇಳಿ ಬರಿಗೈಯಲ್ಲಿ ಎದ್ದು ಬರುವುದು ಸರಿಯಲ್ಲವೆನ್ನಿಸುತ್ತದೆ.

ವಿದ್ಯಾನಗರದ ಓದುಗ, ಹುಬ್ಬಳ್ಳಿ:

ತಬಲಾ ಬೇಡ ಮಾಸ್ತರರೇ. ಆ ಒಣಹವೆಗೆ ಅದರ ತೊಗಲು ಬಿಗಿದು ಸ್ವರ ಏರುತ್ತದೆ, ಮರಳು ಬೇರೆ. ಭಜನೆಯ ಕೈತಾಳ ಒಂದು ಜೊತೆ ಒಯ್ಯಿರಿ. ಹಾಡು ಮುಗಿದ ಮೇಲೆ ನಿಮ್ಮೂರಿನದೊಂದು ಹಾಡಿ ಎಂದು ಅವರೇ ಕೇಳುತ್ತಾರೆ, ನಮ್ಮನ್ನೂ ಕೇಳಿದ್ದರು. ನಾವು ಮೂವರೂ ಹಾಡಲು ಬಾರದೆ ಸುಮ್ಮನೆ ಕುಳಿತೆವು. ಅಕ್ಕಾವರು ಶರೀಫರ ಒಂದು ತತ್ವಪದ ಎತ್ತಲಿ, ನೀವು ತಾಳ ಹಿಡಿಯಿರಿ. ಎರಡನೆಯ ನುಡಿಗೆ ಅವರ ಬೆಂದಿರ್ ಸೇರಿಕೊಳ್ಳುತ್ತದೆ.