ದಲಾಲಿ ಅಂಗಡಿಯ ಲೆಕ್ಕವನ್ನು ಕನ್ನಡದಲ್ಲೇ ಕೇಳಬಹುದೇ?

ಪ್ರಶ್ನೆ: ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ನಮ್ಮದೊಂದು ದಲಾಲಿ ಅಂಗಡಿಯಿದೆ. ಮೂರು ವರ್ಷಗಳಿಂದ ಪ್ರತಿ ಲಾಟಿನ ದಿನಾಂಕ, ರೈತರ ಹೆಸರು, ತಳಿ, ಚೀಲ, ತೂಕ, ದರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುತ್ತಿದ್ದೇನೆ. ತಂದೆಯವರು ಗಾದಿಯ ಮೇಲೆ ಕುಳಿತು "ಮೊನ್ನಿ ಸೋಮವಾರ ಡಬ್ಬಿ ಏನ ದರಕ್ಕ ಹೋತು?" ಎಂದು ಕೇಳಿದಾಗಲೆಲ್ಲ ನಾನೇ ಹುಡುಕಿ ಹೇಳಬೇಕು. ಇಡೀ ಲೆಕ್ಕವನ್ನು ಎಐ ಚಾಟ್‌ಗೆ ಹಾಕಿದರೆ ಅದೇ ಉತ್ತರಿಸೀತೇ?

ಉತ್ತರ (ಡೇಟಾಬೇಸ್ ಎಂಜಿನಿಯರ್, ಹುಬ್ಬಳ್ಳಿ): ಇಡೀ ಲೆಕ್ಕವನ್ನು ಹಾಕಬೇಡಿ. ಸಾವಿರಾರು ಸಾಲುಗಳನ್ನು ಓದಿ ಕೂಡಿಸುವ ಕೆಲಸದಲ್ಲಿ ಭಾಷಾ ಮಾದರಿಗಳು ನಂಬಿಕೆಗೆ ತಕ್ಕವಲ್ಲ. ರೈತರ ಹೆಸರುಗಳೂ ಹೊರಗೆ ಹೋಗುತ್ತವೆ. ಎಐಗೆ ಕಾಲಂಗಳ ಹೆಸರು ಮತ್ತು ಅರ್ಥವನ್ನಷ್ಟೇ ತಿಳಿಸಿ, ಪ್ರಶ್ನೆಯನ್ನು ಎಸ್‌ಕ್ಯೂಎಲ್ (ಡೇಟಾಬೇಸಿನಿಂದ ಮಾಹಿತಿ ಕೇಳುವ ಭಾಷೆ) ಆಜ್ಞೆಯಾಗಿ ಬರೆಯಿಸಿಕೊಂಡು, ಲೆಕ್ಕವನ್ನು ನಿಮ್ಮ ಡೇಟಾಬೇಸೇ ಮಾಡುವಂತೆ ನೋಡಿಕೊಳ್ಳಿ. ಆ ಆಜ್ಞೆಗೆ ಓದುವ ಅನುಮತಿ ಮಾತ್ರ ಇರಲಿ. ಇದು ಹೊಸ ಆಸೆಯೇನೂ ಅಲ್ಲ: ಅಪೊಲೊ ಯಾತ್ರಿಗಳು ತಂದ ಚಂದ್ರಶಿಲೆಗಳ ವಿಶ್ಲೇಷಣೆಯ ಬಗ್ಗೆ ಭೂವಿಜ್ಞಾನಿಗಳು ಸಾದಾ ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಉತ್ತರಿಸುವ 'ಲೂನಾರ್' ಎಂಬ ವ್ಯವಸ್ಥೆಯನ್ನು ವಿಲಿಯಂ ವುಡ್ಸ್ ಮತ್ತು ಸಂಗಡಿಗರು 1970ರ ದಶಕದ ಆರಂಭದಲ್ಲೇ ಕಟ್ಟಿದ್ದರು.

ಹೆಚ್ಚಿನ ತೊಡಕು ಆಜ್ಞೆಯಲ್ಲಲ್ಲ, ಮಾತಿನಲ್ಲಿದೆ. ಡಬ್ಬಿ, ಕಡ್ಡಿ ಎಂಬುವು ತಳಿಗಳೆಂದು ಮೊದಲೇ ಹೇಳದಿದ್ದರೆ ಯಂತ್ರವು ಅವನ್ನು ಪೆಟ್ಟಿಗೆ, ಕಡ್ಡಿಪುಳ್ಳಿ ಎಂದೇ ತಿಳಿದೀತು. ತಳಿಯ ಕಾಲಂನಲ್ಲಿ ಒಮ್ಮೆ 'ಡಬ್ಬಿ', ಇನ್ನೊಮ್ಮೆ 'ಬ್ಯಾಡಗಿ ಡಬ್ಬಿ' ಎಂದು ಬರೆದಿದ್ದರೆ ಅರ್ಧ ಲಾಟುಗಳು ಸದ್ದಿಲ್ಲದೆ ಬಿಟ್ಟುಹೋಗುತ್ತವೆ. ನಮ್ಮ ಕಡೆಯ 'ಮೊನ್ನಿ'ಯಂತೂ ನಿನ್ನೆಯ ಹಿಂದಿನ ದಿನವೂ ಆಗಬಹುದು, ಹೋದ ತಿಂಗಳೂ ಆಗಬಹುದು.

ಎಲ್ಲಕ್ಕಿಂತ ಕಠಿಣವಾದದ್ದು 'ದರ'. ಹತ್ತು ಕ್ವಿಂಟಲ್ 40,000 ರೂಪಾಯಿಯಂತೆ, ತೊಂಬತ್ತು ಕ್ವಿಂಟಲ್ 20,000 ರೂಪಾಯಿಯಂತೆ ಮಾರಾಟವಾಗಿದ್ದರೆ, ಎರಡು ದರಗಳ ಸರಾಸರಿ 30,000. ತೂಕವನ್ನು ಗಣಿಸಿದರೆ 22,000. ಎರಡೂ ಆಜ್ಞೆಗಳು ದೋಷವಿಲ್ಲದೆ ನಡೆಯುವುದರಿಂದ ಯಾವ ಎಚ್ಚರಿಕೆಯೂ ಬರುವುದಿಲ್ಲ. ಆದ್ದರಿಂದ ಉತ್ತರದ ಮೇಲೆ, ಯಾವ ದಿನಾಂಕ, ಯಾವ ತಳಿ, ಎಷ್ಟು ಲಾಟು, ಯಾವ ಬಗೆಯ ದರ ಎಂಬುದನ್ನು ಒಂದು ಸಾಲಿನಲ್ಲಿ ತೋರಿಸಲೇಬೇಕು. ತಮ್ಮ ತಂದೆಯವರು 'ದರ' ಎಂದಾಗ ಇವುಗಳಲ್ಲಿ ಯಾವುದನ್ನು ಕೇಳುತ್ತಾರೆ?

ಪ್ರಶ್ನೆ: ಕೇಳಿದೆ ಸರ್. ಎರಡೂ ಅಲ್ಲವಂತೆ. "ಬಾಳ ಮಾಲು ಯಾವ ದರಕ್ಕ ಹೋತು, ಅದನ್ನ ಹೇಳು" ಎಂದರು.

ಉತ್ತರ: ಅವರು ಕೇಳುತ್ತಿರುವುದು ಮಾರುಕಟ್ಟೆಯ ಪಟ್ಟಿಯಲ್ಲಿ ಬರುವ ಮಾದರಿ ದರವನ್ನು, ನಾನು ಅದನ್ನೇ ಮರೆತಿದ್ದೆ. ಟೆಂಡರಿನಲ್ಲಿ ಒಂದು ಲಾಟು 24,109ಕ್ಕೆ, ಮತ್ತೊಂದು 24,309ಕ್ಕೆ ಹೋದರೆ ಒಂದೇ ಅಂಕಿ ಮರುಕಳಿಸುವುದು ಅಪರೂಪ. ಹಾಗಾಗಿ ದರಗಳನ್ನು ಐನೂರು ರೂಪಾಯಿಯ ಹಂತಗಳಾಗಿ ವಿಂಗಡಿಸಿ, ಪ್ರತಿ ಹಂತದ ತೂಕವನ್ನು ಕೂಡಿಸಿ, ಹೆಚ್ಚು ತೂಕವಿರುವ ಹಂತವನ್ನು ತೋರಿಸುವ ಆಜ್ಞೆಯನ್ನು ತಾವೇ ಒಮ್ಮೆ ಬರೆದು, 'ದರ' ಎಂಬ ಮಾತಿಗೆ ಅದನ್ನೇ ಬಳಸುವಂತೆ ಎಐಗೆ ಕೊಡುವ ಸೂಚನೆಯಲ್ಲಿ ಸೇರಿಸಿ. ಹಳೆಯ ಹತ್ತು ಸೋಮವಾರಗಳ ಉತ್ತರವನ್ನು ಅವರ ಕೈಬರಹದ ವಹಿಯೊಂದಿಗೆ ತಾಳೆ ನೋಡಿದ ಮೇಲೆಯೇ ಫೋನನ್ನು ಅವರ ಕೈಗೆ ಕೊಡಿ.