ಫ್ರೋಜನ್ ಶೋಲ್ಡರ್‌ಗೆ ಫಿಸಿಯೋಥೆರಪಿ ಮಾಡಿಸ್ಕೊಂಡೋರು ದಯವಿಟ್ಟು ಹೇಳಿ

ಕೇಳಿದ್ದು: ಅಮ್ಮಂಗೆ 54 ವರ್ಷ, ಶುಗರ್ ಇದೆ. ಎಡಗೈ ಎತ್ತೋಕಾಗ್ತಿಲ್ಲ, ಜಡೆ ಹಾಕೋಕೂ ನಾನೇ ಬೇಕು. ಡಾಕ್ಟ್ರು ಫ್ರೋಜನ್ ಶೋಲ್ಡರ್, ಅಂದ್ರೆ ಭುಜ ಹಿಡ್ಕೊಂಡಿದೆ ಅಂದ್ರು. 8 ದಿನದಿಂದ ಫಿಸಿಯೋಗೆ ಕರ್ಕೊಂಡು ಹೋಗ್ತಿದೀನಿ, ಶಾಖ ಕೊಟ್ಟು ಕರೆಂಟ್ ಇಡ್ತಾರೆ, ಕೈ ಎತ್ತಿಸ್ತಾರೆ, ಅಮ್ಮ ಅಳ್ತಾರೆ. ಏನೂ ಕಮ್ಮಿ ಆಗಿಲ್ಲ, ನಿಲ್ಲಿಸ್ಬಿಡೋಣ ಅಂತಿದಾರೆ. ಏನ್ಮಾಡ್ಲಿ?

ಶಿವಮೊಗ್ಗದಿಂದ: ನಿಲ್ಲಿಸ್ಬೇಡಿ. ನಂಗೂ ಶುಗರ್, ನಂಗೂ ಭುಜ ಹಿಡ್ಕೊಂಡಿತ್ತು, ರವಿಕೆ ತೋಳು ತೂರ್ಸೋವಾಗ ಕಣ್ಣಲ್ಲಿ ನೀರು ಬರೋದು, ಅಮ್ಮನ ಕಷ್ಟ ಗೊತ್ತು. ಆದ್ರೆ 8 ದಿನ ಇದಕ್ಕೆ ಲೆಕ್ಕಾನೇ ಅಲ್ಲ, ಪೂರ್ತಿ ಬಿಟ್ಕೊಳ್ಳೋಕೆ ವರ್ಷದ ಮೇಲೂ ಹಿಡೀಬಹುದು, ಶುಗರ್ ಇರೋರಿಗೆ ಇನ್ನೂ ನಿಧಾನ. ನಂಗೆ 11 ತಿಂಗ್ಳು ಆಯ್ತು. ನನ್ನ ತಪ್ಪು ಅಂದ್ರೆ ಕರೆಂಟ್ ಇಡೋದೇ ಟ್ರೀಟ್‌ಮೆಂಟ್ ಅಂದ್ಕೊಂಡಿದ್ದು, ಅಲ್ಲಿ ಮಲ್ಕೊಂಡು ಬರೋದು, ಮನೇಲಿ ಕೈ ಮಡಚಿ ಇಟ್ಕೊಂಡ್ಬಿಡೋದು, ಫಿಸಿಯೋ ಮೇಡಂ "ಮನೇಲಿ ಮಾಡಿದ್ರಾ" ಅಂದ್ರೆ ಹೂಂ ಅನ್ನೋದು. ಅವರು ಅದನ್ನೇ ನಂಬಿ ಇನ್ನೂ ಜಾಸ್ತಿ ಎತ್ತಿಸಿದ್ರು, ಎರಡು ರಾತ್ರಿ ನಿದ್ದೆ ಇಲ್ಲ. ಆಮೇಲೆ ನಿಜ ಹೇಳ್ದೆ. ಬೈಲಿಲ್ಲ, 9 ಎಕ್ಸರ್‌ಸೈಜ್ ಇದ್ದಿದ್ದನ್ನ 3ಕ್ಕೆ ಇಳಿಸಿದ್ರು. ಬಗ್ಗಿ ಕೈ ಜೋತುಬಿಟ್ಟು ಪೆಂಡುಲಮ್ ಥರ ತೂಗೋದು, ಗೋಡೆ ಮೇಲೆ ಬೆರಳಲ್ಲಿ ಹತ್ತೋದು, ಮಲ್ಕೊಂಡು ಮೊಣಕೈ ಪಕ್ಕೆಗೆ ಒತ್ಕೊಂಡು ಒಂದು ಕೋಲು ಹಿಡಿದು ಒಳ್ಳೇ ಕೈಯಿಂದ ನೋವಿನ ಕೈನ ಆಚೆಗೆ ತಳ್ಳೋದು. ದಿನಕ್ಕೆ 3 ಸಲ, ಅದ್ರಲ್ಲಿ ಒಂದು ಸಲ ಸ್ನಾನ ಆದ ತಕ್ಷಣ, ಬಿಸಿನೀರಿಗೆ ಭುಜ ಸ್ವಲ್ಪ ಸಡಿಲ ಆಗಿರುತ್ತೆ.

ಅಡುಗೆಮನೆ ಬಾಗಿಲ ಪಕ್ಕ ಗೋಡೇಲಿ ಬೆರಳು ಮುಟ್ಟಿದ ಕಡೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೀತಿದ್ದೆ, ವಾರಕ್ಕೊಂದ್ಸಲ. ದಿನಾ ನೋಡಿದ್ರೆ ಏನೂ ಗೊತ್ತಾಗಲ್ಲ, ಎರಡು ತಿಂಗಳಾದ್ಮೇಲೆ ಒಂದು ಗೇಣು ಮೇಲೆ ಹೋಗಿತ್ತು, ಆವತ್ತು ನಂಗಾದ ಖುಷಿ ಹೇಳೋಕಾಗಲ್ಲ. ಇನ್ನೊಂದು, ಕೈ ಎತ್ತೋವಾಗ ನಮಗೇ ಗೊತ್ತಿಲ್ದೆ ಭುಜಾನ ಕಿವಿ ಕಡೆ ಎತ್ಬಿಡ್ತೀವಿ, ಕೈ ಎತ್ತಿದ ಹಾಗೆ ಕಾಣುತ್ತೆ ಅಷ್ಟೇ. ಫಿಸಿಯೋದವರನ್ನ ಕೇಳಿ, ಅವರು ಮಾಡಿಸೋದನ್ನ ಮೊಬೈಲಲ್ಲಿ ವಿಡಿಯೋ ಮಾಡ್ಕೊಳಿ, ಮನೇಲಿ ಕನ್ನಡಿ ಮುಂದೆ ಮಾಡ್ಸಿ. ನೋವು ಸ್ವಲ್ಪ ಹೊತ್ತಲ್ಲಿ ಇಳಿದ್ರೆ ಪರವಾಗಿಲ್ಲ, ರಾತ್ರಿಯೆಲ್ಲಾ ಕಾಡಿದ್ರೆ ಜಾಸ್ತಿ ಆಗಿದೆ ಅಂತ. ಅಮ್ಮ ಅಳೋಷ್ಟು ನೋವು ಅಂದ್ರೆ ನಾಳೇನೇ ಅವರಿಗೆ ಹೇಳಿ, ಹಲ್ಲು ಕಚ್ಕೊಂಡು ಸುಮ್ನಿರ್ಬೇಡಿ.

ಹುಬ್ಬಳ್ಳಿಯಿಂದ: ಭುಜದ್ದು ನಂಗ ಗೊತ್ತಿಲ್ರಿ, ನಮ್ಮ ಅವ್ವಗ ಮೊಣಕಾಲ ಬದಲಿ ಮಾಡೂ ಆಪರೇಷನ್ ಆಗಿತ್ತು. ನೋವು ಆಗ್ತದಂತ ಮೊಣಕಾಲ ಕೆಳಗ ತಲಿದಿಂಬ ಇಟ್ಟು ಮಲಗಸ್ತಿದ್ವಿ, ಪ್ರೀತೀಲೇನ ಮಾಡಿದ್ದು, ಆದ್ರ ಕಾಲು ಪೂರಾ ನೆಟ್ಟಗ ಆಗವಲ್ದು. ಫಿಸಿಯೋದವ್ರು ಮನೀಗೆ ಬಂದಾಗ ನೋಡಿ ಅದನ್ನ ತಗಸಿ ಹಿಂಬಡದ ಕೆಳಗ ಇಡಿಸಿದ್ರು. ಹಂಗಾಗಿ ಮನ್ಯಾಗ ಹೆಂಗ ಕುಂದರ್ತಾರ, ಹೆಂಗ ಮಲಗ್ತಾರ ಅದನ್ನೂ ಹೇಳ್ರಿ ಅವರಿಗೆ. ನೋವಿನ ಗುಳಗಿ ಬರಕೊಟ್ಟಿದ್ರ ಎಕ್ಸರ್‌ಸೈಜ್‌ಗಿಂತ ಅರ್ಧ ತಾಸು ಮೊದಲ ಕೊಟ್ರ ನಡೀತದೇನು ಅಂತ ಡಾಕ್ಟರ್‌ನ ಕೇಳ್ರಿ, ನಮಗ ಬಾಳ ಅನುಕೂಲ ಆತು.

ಮೈಸೂರಿಂದ: ದಿನಾ ಹೋಗೋಕೆ ದುಡ್ಡು ಕಷ್ಟ ಅಂದ್ರೆ ಪೂರ್ತಿ ಬಿಡೋ ಬದ್ಲು ವಾರಕ್ಕೊಂದ್ಸಲ ತೋರಿಸ್ತೀವಿ, ಮನೇಲಿ ಮಾಡೋದು ಬರ್ಕೊಡಿ ಅಂತ ಕೇಳಿ. ಮತ್ತೆ ಎಡ ಭುಜ, ಶುಗರ್ ಬೇರೆ ಇದೆ, ಯಾವತ್ತಾದ್ರೂ ಎದೆ ಭಾರ, ಬೆವರು, ಉಸಿರಾಡೋಕೆ ಕಷ್ಟ ಅಂದ್ರೆ ಅದೇ ಹಳೇ ನೋವು ಅಂತ ಕೂರ್ಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಕೇಳಿದೋರು: ಎಲ್ರಿಗೂ ಥ್ಯಾಂಕ್ಸ್. ಅಮ್ಮಂಗೆ ಓದಿ ಹೇಳ್ದೆ, ಮನೇಲಿ ಒಂದಿನಾನೂ ಮಾಡಿಲ್ಲ ಅಂತ ಒಪ್ಕೊಂಡ್ರು. ನಾಳೆ ಇಬ್ರೂ ಹೋಗಿ ಹೇಳ್ತೀವಿ. ರಾತ್ರಿ ಕೈ ಹೇಗಿಟ್ಕೊಂಡು ಮಲಗ್ತಿದ್ರಿ ಅಕ್ಕ?

ಶಿವಮೊಗ್ಗದಿಂದ: ಒಳ್ಳೇ ಮಗ್ಗುಲಿಗೆ ಮಲ್ಕೊಂಡು ಎದೆ ಮುಂದೆ ಒಂದು ದಿಂಬು ತಬ್ಕೊಂಡು ಅದರ ಮೇಲೆ ನೋವಿನ ಕೈ ಇಡ್ತಿದ್ದೆ ಕಣಮ್ಮ.